ಮಗುವಿನ ರಕ್ತದಲ್ಲಿ ತಾಯಿಯ ಕಿಡ್ನಿಯ ಸುದ್ದಿ



ತಾಯಿಯೊಬ್ಬರು ಎಂಟು ವರ್ಷದ ಮಗನಿಗೆ ತನ್ನ ಒಂದು ಕಿಡ್ನಿ ಕೊಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ಶಸ್ತ್ರಚಿಕಿತ್ಸೆ ಯಶಸ್ವಿಯಾಗಿದೆ, ಹುಡುಗ ಶಾಲೆಗೂ ಹೋಗುತ್ತಿದ್ದಾನೆ. ಆದರೆ ಅವನ ದೇಹದ ರೋಗನಿರೋಧಕ ವ್ಯವಸ್ಥೆಗೆ ತಾಯಿಯದು ಎಂಬ ಕಕ್ಕುಲಾತಿ ಇಲ್ಲ. ಅದು ಕಿಡ್ನಿಯನ್ನು ಪರಕೀಯವೆಂದು ತಿಳಿದು ದಾಳಿ ಮಾಡುವುದನ್ನೇ ವೈದ್ಯರು ರಿಜೆಕ್ಷನ್, ಅಂದರೆ ತಿರಸ್ಕಾರ ಎನ್ನುತ್ತಾರೆ.

ಸಾಮಾನ್ಯವಾಗಿ ಇದರ ಸುಳಿವಿಗಾಗಿ ರಕ್ತದ ಕ್ರಿಯಾಟಿನಿನ್ ನೋಡುತ್ತಾರೆ. ಮಕ್ಕಳಲ್ಲಿ ಇದು ಕೆಲವೊಮ್ಮೆ ನಮ್ಮನ್ನು ಮೋಸಗೊಳಿಸುತ್ತದೆ. ದೊಡ್ಡವರ ಕಿಡ್ನಿ ಚಿಕ್ಕ ದೇಹಕ್ಕೆ ಬೇಕಾದುದಕ್ಕಿಂತ ಹೆಚ್ಚು ಕೆಲಸ ಮಾಡಬಲ್ಲದು. ಒಂದಿಷ್ಟು ಹಾಳಾದರೂ ಉಳಿದದ್ದು ನಿಭಾಯಿಸುತ್ತದೆ. ಕ್ರಿಯಾಟಿನಿನ್ ಏರುವ ಹೊತ್ತಿಗೆ ಹಾನಿ ಮುಂದುವರಿದಿರುತ್ತದೆ. ಖಚಿತವಾಗಿ ತಿಳಿಯಲು ಬಯಾಪ್ಸಿ ಬೇಕು. ಆದರೆ ಸೂಜಿಯಿಂದ ಕಿಡ್ನಿಯ ಚೂರು ತೆಗೆಯುವ ಆ ಪರೀಕ್ಷೆಗೆ ಪುಟ್ಟ ಮಕ್ಕಳಿಗೆ ಮಂಪರು ಬರಿಸಬೇಕಾಗುತ್ತದೆ. ತಿಂಗಳು ತಿಂಗಳು ಮಾಡಿಸುವಂಥದ್ದಲ್ಲ.

1998ರಲ್ಲಿ ಹಾಂಗ್‌ಕಾಂಗ್‌ನ ಡೆನ್ನಿಸ್ ಲೋ ಮತ್ತು ಸಂಗಡಿಗರು ಒಂದು ಸೋಜಿಗವನ್ನು ಪ್ರಕಟಿಸಿದರು. ಗಂಡಸರ ಅಂಗ ಪಡೆದ ಹೆಂಗಸರ ರಕ್ತದಲ್ಲಿ ಗಂಡಸರಿಗೆ ಮಾತ್ರ ಇರುವ ವೈ ವರ್ಣತಂತುವಿನ ಡಿಎನ್‌ಎ ಸಿಕ್ಕಿತು! ಕಸಿ ಮಾಡಿದ ಅಂಗದ ಜೀವಕೋಶಗಳು ಸತ್ತಾಗ ಅವುಗಳ ಡಿಎನ್‌ಎ ತುಣುಕುಗಳು ರಕ್ತಕ್ಕೆ ಸೇರುತ್ತವೆ. ಕಿಡ್ನಿಗೆ ಪೆಟ್ಟು ಬಿದ್ದಷ್ಟೂ ಈ ತುಣುಕುಗಳು ಹೆಚ್ಚುತ್ತವೆ. ಈಗಿನ ಪರೀಕ್ಷೆ ಅಳೆಯುವುದು ಇವುಗಳ ಪ್ರಮಾಣವನ್ನೇ. 2017ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, ದೊಡ್ಡವರ ಮೇಲಿನ ಅಧ್ಯಯನವೊಂದು ಶೇಕಡಾ 1ನ್ನು ಗಡಿಯಾಗಿ ಇಟ್ಟುಕೊಂಡಿತು. ತಾಯಿ-ಮಗನ ಡಿಎನ್‌ಎಯಲ್ಲಿ ಅರ್ಧ ಒಂದೇ ಆದರೂ ಉಳಿದ ವ್ಯತ್ಯಾಸ ಲೆಕ್ಕಕ್ಕೆ ಸಾಕು. ತದ್ರೂಪಿ ಅವಳಿಗಳಲ್ಲಿ ಮಾತ್ರ ಇದು ನಡೆಯದು.

ಇದನ್ನು ಸರ್ವಜ್ಞನೆಂದು ತಿಳಿಯಬೇಡಿ. ಈ ಅಂಕಿ ಪೆಟ್ಟಾಗಿದೆ ಎನ್ನುತ್ತದೆ, ಕಾರಣ ಹೇಳುವುದಿಲ್ಲ. ಬಿ.ಕೆ. ಎಂಬ ವೈರಸ್ ಸೋಂಕಿನಿಂದಲೂ ಅದು ಏರಬಹುದು. ತಿರಸ್ಕಾರಕ್ಕೆ ಔಷಧಿ ಹೆಚ್ಚಿಸಬೇಕು, ಈ ಸೋಂಕಿಗೆ ಸಾಮಾನ್ಯವಾಗಿ ಕಡಿಮೆ ಮಾಡಬೇಕು; ಆದ್ದರಿಂದ ಬಯಾಪ್ಸಿ ಪೂರ್ತಿ ತಪ್ಪುವುದಿಲ್ಲ. ಪರೀಕ್ಷೆ ದುಬಾರಿ, ಎಲ್ಲ ಆಸ್ಪತ್ರೆಗಳಲ್ಲೂ ಸಿಗುವುದಿಲ್ಲ ಎಂಬುದೂ ನೆನಪಿರಲಿ.

ಇನ್ನು ತಂದೆತಾಯಿಯರಿಗೆ ಒಂದು ಮಾತು. ಹದಿಹರೆಯದಲ್ಲಿ ಕಿಡ್ನಿ ಕಳೆದುಕೊಳ್ಳುವುದಕ್ಕೆ ಒಂದು ದೊಡ್ಡ ಕಾರಣ, ಮಾತ್ರೆ ತಪ್ಪಿಸುವುದು. ಗೆಳೆಯರೆದುರು ನುಂಗಲು ನಾಚಿಕೆ, ಕೆಲವು ಮಾತ್ರೆಗಳಿಂದ ಮುಖ ಊದುತ್ತದೆಂಬ ಬೇಸರ. ಅಂಕಿ ಏರಿದೆ ಎಂದು ತಿಳಿದ ದಿನ ಹುಡುಗನನ್ನು ಗದರಬೇಡಿ. ಗದರಿದರೆ ಅವನು ಮುಚ್ಚಿಡುತ್ತಾನೆ, ವೈದ್ಯರು ಬೇರೆ ಕಾರಣ ಹುಡುಕುತ್ತಾ ದಿನ ಕಳೆಯುತ್ತಾರೆ. ಪಕ್ಕದಲ್ಲಿ ಕೂರಿಸಿಕೊಂಡು, ಈ ವಾರ ಎಷ್ಟು ಹೊತ್ತಿನ ಮಾತ್ರೆ ತಪ್ಪಿತು ಮಗನೇ ಎಂದು ಕೇಳಿ.