ಅಡ್ಡ ಬಂದ ಎಮ್ಮೆ

ಬಾನುಲಿಯಲ್ಲಿ ಮಾತನಾಡಬೇಕೆಂದು ಕರೆ ಬಂದಾಗ ನಾನು ಕೇಳಿದ ಮೊದಲ ಪ್ರಶ್ನೆ, “ಎಷ್ಟು ದೂರ?” ಎಂಬುದು. “ದೂರವೇನಿಲ್ಲ, ಹತ್ತು ನಿಮಿಷದ ಮಾತು” ಎಂದರು. ಮೂವತ್ತೈದು ವರ್ಷ ಲಾರಿ ನಡೆಸಿದವನಿಗೆ ಹತ್ತು ನಿಮಿಷವೆಂದರೆ ಒಂದು ಗಾಲಿ ಬದಲಿಸುವಷ್ಟು ಹೊತ್ತೂ ಅಲ್ಲ. ಆದರೂ ಒಪ್ಪಿಕೊಂಡೆ. ಒಂದು ಮಾತು ಬಹಳ ದಿನಗಳಿಂದ ಎದೆಯಲ್ಲಿ ಲೋಡಾಗಿ ಕುಳಿತಿದೆ. ಅದನ್ನು ಇಳಿಸಬೇಕಾಗಿದೆ.

ನನ್ನ ಊರು ತಿಕೋಟಾ. ವಿಜಯಪುರದಿಂದ ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರು. ನಾನು 1979ರಲ್ಲಿ ಕ್ಲೀನರನಾಗಿ ಗಾಡಿ ಹತ್ತಿದೆ. ಕ್ಲೀನರನೆಂದರೆ ಗಾಡಿ ತೊಳೆಯುವವನೆಂದು ನೀವು ತಿಳಿದಿರಬಹುದು. ನಾನೂ ಹಾಗೆಯೇ ತಿಳಿದಿದ್ದೆ. ತಾಡಪತ್ರಿ ಕಟ್ಟುವುದು, ಏರಿನಲ್ಲಿ ಗಾಡಿ ನಿಂತರೆ ಜಿಗಿದು ಗಾಲಿಯ ಹಿಂದೆ ಕಲ್ಲು ಕೊಡುವುದು, ಸ್ಟೆಪ್ನಿ ಇಳಿಸುವುದು, ಅನ್ನ ಬೇಯಿಸುವುದು, ಎಲ್ಲವೂ ಅವನ ಪಾಲಿಗೇ. ಎಲ್ಲಕ್ಕೂ ದೊಡ್ಡ ಕೆಲಸವೆಂದರೆ ಡ್ರೈವರನೊಡನೆ ಮಾತನಾಡುತ್ತಿರುವುದು. ನನ್ನ ಗುರುಗಳು ಮೊದಲ ರಾತ್ರಿಯೇ ಉಪದೇಶ ಮಾಡಿದರು: “ತಮ್ಮಾ, ನಾ ಸುಮ್ಮನಾದರ ನೀ ಮಾತಾಡು. ನೀ ಸುಮ್ಮನಾದರ ಇಬ್ಬರೂ ಕಾಯಂ ಸುಮ್ಮನಾಗತೀವಿ.”

ಇಪ್ಪತ್ತು ತುಂಬಿದ ಮೇಲೆ ಲೈಸೆನ್ಸು ಬಂತು, ಮದುವೆಯೂ ಆಯಿತು. ಹೆಂಡತಿ ತಿಂಗಳಿಗೆ ನಾಲ್ಕು ರಾತ್ರಿ ನನ್ನ ಮುಖ ನೋಡುತ್ತಿದ್ದಳು. ಆ ನಾಲ್ಕು ರಾತ್ರಿಯೂ ಅವಳಿಗೆ ಸುಖವಿರಲಿಲ್ಲ. ಇಂಜಿನ್ನಿನ ಸದ್ದಿಲ್ಲದೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಹತ್ತಿದರೆ ನಡುರಾತ್ರಿ ಬಲಗಾಲಿನಿಂದ ಗೋಡೆಗೆ ಬ್ರೇಕು ಹಾಕುತ್ತಿದ್ದೆ. ಒಮ್ಮೆ ಗೋಡೆಯ ಬದಲು ಅವಳಿಗೇ ಹಾಕಿದೆ. ಬೆಳಗ್ಗೆ ಅವಳು ನಮ್ಮ ತಾಯಿಗೆ ಹೇಳಿದ್ದು ಇಷ್ಟೇ: “ಅತ್ತೀ, ನಿಮ್ಮ ಮಗನ್ನ ಅಂಗಳದಾಗ ನಿಲ್ಲಸ್ರಿ, ಗಾಲಿಗೆ ಕಲ್ಲ ಕೊಡತೇನಿ.”

ಊರೂರು ತಿರುಗಿದವನಿಗೆ ಹತ್ತು ಭಾಷೆ ಬರುತ್ತವೆಂದು ಜನ ನಂಬುತ್ತಾರೆ. ನನಗೆ ಬಂದದ್ದು ಪ್ರತಿ ಭಾಷೆಯಲ್ಲಿ ನಾಲ್ಕೇ ಮಾತು: ಎಲ್ಲಿ, ಎಷ್ಟು, ಯಾವಾಗ, ಹಿಂದಕ್ಕೆ. ಧೂಳಖೇಡದ ಹತ್ತಿರ ಭೀಮೆಯನ್ನು ದಾಟಿದರೆ ಮರಾಠಿ. ಗಡಿಗಡಿಗೂ ಗಾಡಿ ನಿಲ್ಲಿಸಿ ಕಾಗದ ತೋರಿಸಬೇಕಾಗಿತ್ತು. 2017ರ ಜುಲೈಯಲ್ಲಿ ಜಿ.ಎಸ್.ಟಿ. ಬಂದ ಮೇಲೆ ತೆರಿಗೆಯ ನಾಕೆಗಳು ಹೋದವು. ಹೊಸ ಡ್ರೈವರರು ಇದನ್ನು ಸುಖವೆನ್ನುತ್ತಾರೆ. ನಾನು ಮಾತ್ರ ಆ ಸಾಲಿನಲ್ಲಿ ನಿಂತಾಗಲೇ ಎಷ್ಟೋ ಸಲ ಕಣ್ಣು ಮುಚ್ಚಿದ್ದೇನೆ. ಕಾಯುವುದೆಂದರೆ ನಮಗೆ ನಿದ್ದೆ.

ಇನ್ನು ನಮ್ಮ ಸೀಮೆಯ ಮಾಲಿನ ಮಾತು. ತಿಕೋಟಾ ದ್ರಾಕ್ಷಿಯ ನಾಡು. ದ್ರಾಕ್ಷಿಯಲ್ಲಿ ಎರಡು ಜಾತಿಯ ಬಾಡಿಗೆ. ಒಣದ್ರಾಕ್ಷಿ ಸಾಧು ಸ್ವಭಾವದ್ದು. ನಾಲ್ಕು ಕಿಲೋ ಹಸಿ ಹಣ್ಣು ಶೆಡ್ಡಿನ ಜಾಳಿಗೆಯ ಮೇಲೆ ಹದಿನೈದು ದಿನ ನೆರಳಲ್ಲಿ ಒಣಗಿ ಒಂದು ಕಿಲೋ ಆಗುತ್ತದೆ. ಆಮೇಲೆ ಪೆಟ್ಟಿಗೆಯಲ್ಲಿ ಸುಮ್ಮನೆ ಕೂಡುತ್ತದೆ. ಸಾಂಗಲಿಗೋ ತಾಸಗಾಂವಿಗೋ ಇಂದು ಹೋಗಲಿ, ನಾಳೆ ಹೋಗಲಿ, ಅದು ಬೇಸರಿಸುವುದಿಲ್ಲ. ಹಸಿ ದ್ರಾಕ್ಷಿ ಹಾಗಲ್ಲ. ಕತ್ತರಿ ಬಿದ್ದ ಗಳಿಗೆಯಿಂದಲೇ ಅದರ ಬೆಲೆ ಇಳಿಯತೊಡಗುತ್ತದೆ. ಸಂಜೆ ತುಂಬಿದ ಮಾಲು ನಸುಕಿಗೆ ಪೇಟೆಯಲ್ಲಿರಬೇಕು. ವಾಶಿಯ ಪೇಟೆ ಇಲ್ಲಿಂದ 500 ಕಿಲೋಮೀಟರು. ನಡುವೆ ಸೊಲ್ಲಾಪುರ, ಪುಣೆ, ಖಂಡಾಳಾ ಘಾಟು.

1997ರ ಮಾರ್ಚಿನ ಮಾತು. ಮುಂಬಯಿ–ಪುಣೆಯ ದೊಡ್ಡ ರಸ್ತೆ ಇನ್ನೂ ಆಗಿರಲಿಲ್ಲ. ಮೋಡ ಕವಿದಿತ್ತು, ಮಳೆ ಬಿದ್ದರೆ ಹಣ್ಣು ಒಡೆಯುತ್ತದೆಂದು ರೈತರೆಲ್ಲ ಒಮ್ಮೆಲೇ ಕೊಯ್ಲಿಗೆ ಇಳಿದಿದ್ದರು. ಹೋಗಿ ಬಂದು, ಮತ್ತೆ ಹೋಗಿ ಬಂದು, ಮೂರನೆಯ ಖೇಪಿಗೆ ಗಾಡಿ ತುಂಬಿತು. ಮಾಲಕರು ಹೆಗಲ ಮೇಲೆ ಕೈಯಿಟ್ಟು, “ಇದೊಂದ ಖೇಪು, ಆಮ್ಯಾಲ ಎರಡ ದಿನ ಮಲ್ಕೋ” ಎಂದರು. ನಾನು ಹೂಂ ಎಂದೆ. ಅವರೊಬ್ಬರದೇ ತಪ್ಪೆಂದು ನಾನು ಹೇಳಲಾರೆ. ಖೇಪಿಗೆ ಇಷ್ಟೆಂದು ಹಣ ಬರುತ್ತಿತ್ತು, ನಿದ್ದೆಗೆ ಬರುತ್ತಿರಲಿಲ್ಲ.

ನನ್ನ ಕ್ಲೀನರ್ ಹತ್ತೊಂಬತ್ತರ ಹುಡುಗ. ಭಿಗವಣದವರೆಗೆ ಮಾತನಾಡುತ್ತಲೇ ಬಂದ. ಅವನಿಗೂ ಮೂರು ರಾತ್ರಿಯ ನಿದ್ದೆಯಿರಲಿಲ್ಲವೆಂಬುದು ನನ್ನ ಲೆಕ್ಕಕ್ಕೆ ಬಂದಿರಲಿಲ್ಲ. ಅವನು ಸುಮ್ಮನಾದ. ನಾನೂ ಸುಮ್ಮನಾದೆ. ಮುಂದೆ ನನಗೆ ಕೇಳಿದ್ದು ಜಾಲಿಯ ಗಿಡ ಮುರಿದ ಸದ್ದು. ಗಾಡಿ ಎಡಕ್ಕೆ ಇಳಿದು ಗಿಡಕ್ಕೆ ಬಡಿದಿತ್ತು. ಎಡಗಡೆ ಕೂಡುವವನು ಕ್ಲೀನರ್. ಅವನ ಎಡಗಾಲು ಮೊಣಕಾಲ ಕೆಳಗೆ ಮುರಿದುಹೋಯಿತು. ನನಗೆ ಹಣೆಯ ಮೇಲೆ ಎರಡು ಹೊಲಿಗೆ.

ಜನ ಕೂಡಿದರು. “ಏನಾಯಿತು?” ಎಂದು ಕೇಳಿದರು. ನನ್ನ ಬಾಯಿಂದ ಬಂದದ್ದು, “ಎಮ್ಮೆ ಅಡ್ಡ ಬಂತು.” ನಿದ್ದೆ ಹತ್ತಿತೆಂದು ಹೇಳಿದರೆ ಲೈಸೆನ್ಸು ಹೋಗುತ್ತದೆ, ಲೈಸೆನ್ಸು ಹೋದರೆ ಅನ್ನ ಹೋಗುತ್ತದೆ ಎಂಬ ವಿಚಾರ ಆ ಕತ್ತಲಲ್ಲಿಯೂ ಥಟ್ಟನೆ ಹೊಳೆಯಿತು. ಆಸ್ಪತ್ರೆಯಲ್ಲಿ ಪೊಲೀಸರು ಹುಡುಗನ ಹೇಳಿಕೆಗೆ ಬಂದರು. ಅವರು ಒಳಗೆ ಬರುವ ಮುಂಚೆ ಅವನು ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದ: “ಅಣ್ಣಾ, ಎಮ್ಮಿ ಯಾವ ಬಣ್ಣದ್ದಿತ್ತಂತ ಹೇಳ್ಲಿ?”

ಈ ಮಾತನ್ನು ಧಾಬಾಗಳಲ್ಲಿ ಎಷ್ಟೋ ಸಲ ನಗೆಯ ಕಥೆಯಾಗಿ ಹೇಳಿದ್ದೇನೆ. ಕೇಳಿದವರು ಬಿದ್ದು ಬಿದ್ದು ನಕ್ಕಿದ್ದಾರೆ. ನಗುವಾಗ ಅವರಿಗೆ ಕಾಲಿನ ಸಂಗತಿ ಹೇಳುತ್ತಿರಲಿಲ್ಲ.

ಮಾಲಕರು ಆಸ್ಪತ್ರೆಯ ಖರ್ಚು ಕೊಟ್ಟರು. ಅಷ್ಟಕ್ಕೇ ಮುಗಿಯಿತು. ಬಹಳ ತಡವಾಗಿ ಒಬ್ಬ ವಕೀಲರು ನನಗೆ ತಿಳಿಸಿದರು: ಆಗ 1923ರ ಪರಿಹಾರ ಕಾಯಿದೆ ಇತ್ತು, ಕೆಲಸದಲ್ಲಿ ಪೆಟ್ಟಾದರೆ ತಪ್ಪು ಡ್ರೈವರನದಾದರೂ ಕ್ಲೀನರನಿಗೆ ಮಾಲಕರಿಂದ ಪರಿಹಾರ ಬರಬೇಕು, ಎರಡು ವರ್ಷದೊಳಗೆ ಅರ್ಜಿ ಹಾಕಬೇಕಾಗಿತ್ತು. ಎಂದರೆ ನಿಜ ಹೇಳಿದ್ದರೂ ಹುಡುಗನಿಗೆ ನಷ್ಟವಿರಲಿಲ್ಲ. ಆದರೆ ಅರ್ಜಿ ಎಂದರೆ ಮತ್ತೆ ವಿಚಾರಣೆ, ವಿಚಾರಣೆ ಎಂದರೆ ಎಮ್ಮೆ. ಅದಕ್ಕೆಂದೇ ನಾನು, “ಕೋರ್ಟು ಕಚೇರಿ ಬ್ಯಾಡ ತಮ್ಮಾ” ಎಂದು ಅವನಿಗೆ ಬುದ್ಧಿ ಹೇಳಿದ್ದೆ. ಅವನು ಹಿರಿಯನ ಮಾತೆಂದು ಕೇಳಿದ. ಇಲ್ಲದ ಎಮ್ಮೆ ಅವನ ಹಕ್ಕನ್ನು ಮೇಯ್ದುಬಿಟ್ಟಿತು.

ಅದೇ ವಕೀಲರು ಇನ್ನೊಂದು ಮಾತು ಹೇಳಿದರು. ಮೋಟಾರು ಕೆಲಸಗಾರರಿಗೆ ದಿನಕ್ಕೆ 8 ತಾಸು, ವಾರಕ್ಕೆ 48 ತಾಸು ಎಂದು 1961ರಲ್ಲಿಯೇ ಕಾಯಿದೆಯಾಗಿತ್ತಂತೆ. ಆದರೆ ಅದು ಐದು ಜನರೋ ಹೆಚ್ಚೋ ಇರುವ ಕಡೆಗೆ. ನಮ್ಮ ಮಾಲಕರಲ್ಲಿ ಇದ್ದವರು ನಾವಿಬ್ಬರೇ. ಐದು ಜನ ಕೂಡಿದರೆ ನಿದ್ದೆ ಬರುತ್ತದೆ, ಇಬ್ಬರಿಗೆ ಬರುವುದಿಲ್ಲ ಎಂದು ಕಾಯಿದೆ ಮಾಡಿದವರು ತಿಳಿದಿದ್ದಿರಬೇಕು.

ಆ ಹುಡುಗ ಈಗ ಮೊಮ್ಮಕ್ಕಳನ್ನು ಕಾಣುವ ವಯಸ್ಸಿನ ಹತ್ತಿರ ಬಂದಿದ್ದಾನೆ. ಕುಂಟುತ್ತಲೇ ಪಂಕ್ಚರಿನ ಅಂಗಡಿ ನಡೆಸುತ್ತಾನೆ. ಈ ಭಾಷಣಕ್ಕೆ ಬರುವ ಮುಂಚೆ ಅವನಲ್ಲಿಗೆ ಹೋದೆ. ಪರಿಹಾರದ ಸಂಗತಿಯನ್ನೂ ಅಂದೇ ಮೊದಲ ಸಲ ಹೇಳಿದೆ. ಅವನು ಬಹಳ ಹೊತ್ತು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತ ಕುಳಿತ. “ಬ್ಯಾರೆ ಯಾರಾರ ಹೇಳಿದ್ರ ಸಿಟ್ಟ ಬರತಿತ್ತು ಅಣ್ಣಾ. ನಿಮ್ಮ ಮ್ಯಾಲೂ ಬಂದೈತಿ. ಆದರ ರೇಡಿಯೋದಾಗ ಹೇಳ್ರಿ. ಆ ಎಮ್ಮಿ ಇಷ್ಟ ವರ್ಷ ಭಿಗವಣದ ರಸ್ತಾದಾಗ ನಿಂತೈತಿ. ಇನ್ನರೆ ಹೊಡಕೊಂಡ ಬರ್ರಿ.”

ಹೊಡೆದುಕೊಂಡು ಬಂದಿದ್ದೇನೆ. ಕೇಳುತ್ತಿರುವ ಡ್ರೈವರ್ ತಮ್ಮಂದಿರೇ, ಎಮ್ಮೆ ಬಂದಿರಲಿಲ್ಲ. ನಿದ್ದೆ ಬಂದಿತ್ತು. ಇಂದು ರಾತ್ರಿ ನಿಮ್ಮ ಪಕ್ಕದ ಹುಡುಗ ಸುಮ್ಮನಾದರೆ ಗಾಡಿಯನ್ನು ಬದಿಗೆ ಹಾಕಿರಿ. ದ್ರಾಕ್ಷಿ ಕೆಟ್ಟರೆ ಬರುವ ವರ್ಷ ಮತ್ತೆ ಬಿಡುತ್ತದೆ.