ಒಮ್ಮೆ ಮಾಡಿದ ಅಚ್ಚು, ಹಲವು ಸಲದ ಬಳಕೆ

(ಶಾಲೆಯ ಶತಮಾನೋತ್ಸವ ವರ್ಷದ ಉದ್ಘಾಟನಾ ಸಮಾರಂಭದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಬರಹರೂಪ)



ನೂರು ವರ್ಷ ತುಂಬುತ್ತಿರುವ ಶಾಲೆಯ ಅಂಗಳದಲ್ಲಿ ನಿಂತು ನಾಲ್ಕು ಮಾತನಾಡುವ ಭಾಗ್ಯ ನಮಗೆ ಒದಗಿದೆ. ಪ್ರತಿ ಜೂನ್ ತಿಂಗಳ ದಾಖಲಾತಿಯ ವೇಳೆ ಪಾಲಕರು ನಮ್ಮನ್ನು ಒಂದು ಪ್ರಶ್ನೆ ಕೇಳುತ್ತಾರೆ: ಕನ್ನಡದಲ್ಲಿ ಓದಿದ ಮಗು ನಾಳೆ ಹೈದರಾಬಾದಿನಲ್ಲಿ ಕಂಪ್ಯೂಟರಿನ ಮುಂದೆ ಕುಳಿತಾಗ ಹಿಂದೆ ಬೀಳುವುದಿಲ್ಲವೇ? ಇದು ಉಪೇಕ್ಷಿಸತಕ್ಕ ಪ್ರಶ್ನೆಯಲ್ಲ. ಗುಲ್ಬರ್ಗ ಜಿಲ್ಲೆಯಲ್ಲಿದ್ದ ತಾಂಡೂರು ತಾಲ್ಲೂಕು 1956ರ ನವೆಂಬರ್ 1ರಂದು ಆಂಧ್ರ ಪ್ರದೇಶಕ್ಕೆ ಸೇರಿತು. ಗಡಿ ಸರಿದರೂ ಈ ಸೀಮೆಯ ಅನೇಕರ ಮನೆಮಾತು ಸರಿಯಲಿಲ್ಲ. ಆ ಮಾತನ್ನು ಉಳಿಸಿಕೊಂಡದ್ದಕ್ಕೆ ಮಕ್ಕಳು ದಂಡ ತೆರಬೇಕೇ ಎಂಬುದೇ ಪ್ರಶ್ನೆಯ ಒಳಗಿರುವ ಅಳಲು. ಉತ್ತರ ಹೇಳಲು ತಂತ್ರಾಂಶ ಕಟ್ಟುವ ಬಗೆಯನ್ನೇ ಇಂದು ವಿಷಯವಾಗಿ ಆರಿಸಿಕೊಂಡಿದ್ದೇವೆ.

ನಮ್ಮ ತಾಂಡೂರಿನ ಕಲ್ಲನ್ನು ನೋಡಿರಿ. ಗಣಿಯಿಂದ ಬಂದ ಬಂಡೆಯನ್ನು ಗೊತ್ತಾದ ಅಳತೆಗೆ ಕೊಯ್ದು ಹಾಸುಗಲ್ಲು ಮಾಡುತ್ತಾರೆ. ಮನೆಗಳ ನಕ್ಷೆ ಬೇರೆ ಬೇರೆ. ಹಾಸುಗಲ್ಲಿನ ಅಳತೆ ಒಂದೇ. ತಂತ್ರಾಂಶವನ್ನೂ ಹೀಗೆಯೇ ಸಿದ್ಧ ಬಿಡಿಭಾಗಗಳಿಂದ ಕಟ್ಟಬೇಕೆಂದು ಡಗ್ಲಾಸ್ ಮ್ಯಾಕ್‌ಇಲ್ರಾಯ್ ಅವರು 1968ರಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನಡೆದ ಸಮ್ಮೇಳನದಲ್ಲಿ ವಾದಿಸಿದರು. ಇಂದು ತಂತ್ರಾಂಶ ಬರೆಯುವವರು ಪ್ರತಿಯೊಂದನ್ನೂ ಮೊದಲಿನಿಂದ ಬರೆಯುವುದಿಲ್ಲ. ಪರೀಕ್ಷೆಗೊಳಗಾದ ಉಪಕರಣಗಳನ್ನು, ಮಾದರಿ ಚೌಕಟ್ಟುಗಳನ್ನು ತಂದು ಜೋಡಿಸಿ, ಹೊಸದಾದ ಭಾಗಕ್ಕೆ ಮಾತ್ರ ತಮ್ಮ ಬುದ್ಧಿಯನ್ನು ವೆಚ್ಚ ಮಾಡುತ್ತಾರೆ.

ಈ ವಿದ್ಯೆ ನಮ್ಮ ಒಂದನೆಯ ತರಗತಿಯ ಮಗುವಿಗೆ ಹೊಸದೇನಲ್ಲ. ಕಾಗುಣಿತವೆಂದರೆ ಇದೇ ಅಲ್ಲವೇ? ವ್ಯಂಜನಗಳು 34, ಸ್ವರಗಳು 13. ಈ 47ನ್ನು ಕಲಿತ ಮಗು 442 ಗುಣಿತಾಕ್ಷರಗಳನ್ನು ಓದಬಲ್ಲದು. ಕಕಾರದಲ್ಲಿ ಕಲಿತ ಕೊಂಬು, ಗುಡಿಸು, ಏತ್ವಗಳನ್ನು ಗಕಾರಕ್ಕೂ ತಾನೇ ಹಚ್ಚುತ್ತದೆ. ಕನ್ನಡಕ್ಕೆ ಕೀಲಿಮಣೆ ರೂಪಿಸಿದ ಕೆ. ಪಿ. ರಾವ್ ಅವರು ಹಿಡಿದ ದಾರಿಯೂ ಇದೇ. ಒಂದೊಂದು ಗುಣಿತಾಕ್ಷರಕ್ಕೆ ಒಂದೊಂದು ಕೀಲಿಯಿಲ್ಲ. ವ್ಯಂಜನದ ಕೀಲಿ, ಅದರ ಬೆನ್ನಿಗೆ ಸ್ವರದ ಕೀಲಿ. 'ನುಡಿ' ತಂತ್ರಾಂಶದಲ್ಲಿ ನಮ್ಮ ಮಕ್ಕಳು ಬೆರಳಚ್ಚು ಕಲಿಯುವುದು ಈ ಕ್ರಮದಲ್ಲಿಯೇ.

ಇನ್ನೊಂದು ಸಂಗತಿ ಗಡಿನಾಡಿನವರಾದ ನಮಗೆ ವಿಶೇಷವಾಗಿ ಹಿಡಿಸುವಂಥದು. ಭಾರತದ ಹಲವು ಲಿಪಿಗಳಿಗೆ ವರ್ಣಮಾಲೆಯ ಕ್ರಮ ಹೆಚ್ಚುಕಡಿಮೆ ಒಂದೇ ಆದುದರಿಂದ, 1988ರ 'ಇಸ್ಕಿ' ಎಂಬ ಸಂಕೇತ ವ್ಯವಸ್ಥೆಯಲ್ಲಿ ಅವಕ್ಕೆ ಒಂದೇ ಅಚ್ಚನ್ನು ಬಳಸಲಾಯಿತು. 1991ರಲ್ಲಿ ಹೊರಬಂದ ಯೂನಿಕೋಡ್ ಅದೇ ಅಚ್ಚನ್ನು ಎತ್ತಿಕೊಂಡು ಲಿಪಿಗೆ 128 ಮನೆಗಳಂತೆ ಸಾಲಾಗಿ ಇರಿಸಿತು. ತೆಲುಗಿನ ಕಕಾರ 3093ನೆಯ ಸಂಖ್ಯೆ, ಕನ್ನಡದ ಕಕಾರ 3221. ತೆಲುಗಿನ ಮಕಾರ 3118, ಕನ್ನಡದ ಮಕಾರ 3246. ಅಂತರ ಎರಡು ಕಡೆಯೂ 128. ನೆಲದ ಮೇಲೆ ನೆರೆಯವರಾದ ತೆಲುಗು, ಕನ್ನಡಗಳು ಆ ಪಟ್ಟಿಯಲ್ಲಿಯೂ ಅಕ್ಕಪಕ್ಕದ ಮನೆಯವರು.

ಇಂತಹ ಸಾಮಾನ್ಯ ಅಚ್ಚು ಇಲ್ಲದಿದ್ದರೆ ಏನಾಗುವುದೆಂಬುದನ್ನು ಶತಮಾನೋತ್ಸವದ ಸಿದ್ಧತೆಯಲ್ಲಿ ನಾವು ಕಷ್ಟಪಟ್ಟು ಕಲಿತೆವು. ಬಹಳ ಹಿಂದೆ ನಾವೇ ಬೆರಳಚ್ಚು ಮಾಡಿಸಿಟ್ಟಿದ್ದ ಹಳೆಯ ವಿದ್ಯಾರ್ಥಿಗಳ ಪಟ್ಟಿಯನ್ನು ತೆರೆದರೆ ಕಂಡದ್ದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅದನ್ನು ಬರೆದದ್ದು ಯೂನಿಕೋಡಿನಲ್ಲಲ್ಲ, ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದ ಒಂದು ಹಳೆಯ ಫಾಂಟಿನಲ್ಲಿ. ಆ ಫಾಂಟು ಹೊಸ ಯಂತ್ರದಲ್ಲಿರಲಿಲ್ಲ. ದಾಖಲಾತಿ ಪುಸ್ತಕಗಳನ್ನು ಮುಂದಿಟ್ಟುಕೊಂಡು, ನಿಮ್ಮ ಹೆಸರುಗಳನ್ನು ಒಂದೊಂದಾಗಿ ಮತ್ತೆ ಬರೆದೆವು. ತಪ್ಪು ನಮ್ಮದೇ. ಮತ್ತೆ ಬಳಸಲು ಬಾರದಂತೆ ಮಾಡಿದ ಕೆಲಸವು ಅರ್ಧ ಮಾಡಿದ ಕೆಲಸವೇ ಸರಿ.

ಆ ಪಾಠ ವ್ಯರ್ಥವಾಗಲಿಲ್ಲ. ನಮ್ಮ ಗಣಿತ ಶಿಕ್ಷಕಿಯೊಬ್ಬರು ಅಂಕಪಟ್ಟಿಗೆ ಒಂದು ಮಾದರಿಯನ್ನು ಸಿದ್ಧಪಡಿಸಿದರು. ಅದರಲ್ಲಿ ಲೆಕ್ಕದ ಸೂತ್ರಗಳು ಒಂದು ಹಾಳೆಯಲ್ಲಿ, 'ಹೆಸರು', 'ವಿಷಯ', 'ಒಟ್ಟು' ಎಂಬ ಪದಗಳು ಮತ್ತೊಂದರಲ್ಲಿ. ಪದಗಳ ಹಾಳೆಯನ್ನು ಬದಲಿಸಿದರೆ ಅದೇ ಮಾದರಿ ತೆಲುಗು ಮಾಧ್ಯಮದವರಿಗೂ ಸಲ್ಲುತ್ತದೆ. ದೊಡ್ಡ ತಂತ್ರಾಂಶಗಳಲ್ಲಿಯೂ ಪರದೆಯ ಮೇಲಿನ ಮಾತುಗಳನ್ನು ಹೀಗೆಯೇ ಪ್ರತ್ಯೇಕವಾಗಿ ಇಡುತ್ತಾರೆ. ನಮ್ಮಂತಹ ಬೆರಳೆಣಿಕೆಯ ಶಾಲೆಗಳಿಗಾಗಿ ಪೂರ್ಣ ತಂತ್ರಾಂಶವನ್ನು ಯಾರೂ ಹೊಸದಾಗಿ ಬರೆಯಲಾರರು. ಇದ್ದುದಕ್ಕೆ ಕನ್ನಡದ ಮಾತನ್ನು ಜೋಡಿಸಿಕೊಡಬಲ್ಲರು. ದೊಡ್ಡ ಭಾಷೆಗೆ ಮರುಬಳಕೆಯಿಂದ ಸಮಯದ ಉಳಿತಾಯ. ಸಣ್ಣ ಸಮುದಾಯಕ್ಕೆ ಅದು ಉಳಿವಿನ ದಾರಿ.

ಆದರೆ ಅಚ್ಚನ್ನು ಕುರುಡಾಗಿ ಒತ್ತಬಾರದು. ಕಕಾರಕ್ಕೆ ಕೊಂಬು ಬಲಕ್ಕೆ ಬರುತ್ತದೆ. ಅದನ್ನೇ ವಕಾರಕ್ಕೆ ಹಚ್ಚಿದರೆ ಅಕ್ಷರ ಮಕಾರದಂತೆ ತೋರುತ್ತದೆ. ಆದುದರಿಂದಲೇ 'ವು' ಎಂಬಲ್ಲಿ ಕೊಂಬು ಕೆಳಕ್ಕಿಳಿಯುತ್ತದೆ. ಎಲ್ಲಿ ಅಚ್ಚು ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬ ವಿವೇಕವನ್ನು ಯಂತ್ರ ಕೊಡಲಾರದು, ಶಿಕ್ಷಣ ಕೊಡಬೇಕು. ಸಿದ್ಧ ಉತ್ತರವನ್ನು ನಕಲು ಮಾಡುವ ಮಗುವಿಗೂ ತಿಳಿದು ಬಳಸುವ ಮಗುವಿಗೂ ಇರುವ ಅಂತರ ಇಷ್ಟೇ.

ಪಾಲಕರೇ, ಇಂಗ್ಲಿಷ್ ಬೇಡವೆಂದು ನಾವು ಹೇಳುವುದಿಲ್ಲ; ಅದನ್ನು ಚೆನ್ನಾಗಿ ಕಲಿಸುವುದು ನಮ್ಮ ಹೊಣೆ. ಆದರೆ ತಿಳಿದ ಮಾತಿನಲ್ಲಿ ಕ್ರಮವಾಗಿ ಯೋಚಿಸಲು ಕಲಿತ ಮಗು ಕಂಪ್ಯೂಟರಿನ ಮುಂದೆ ಬರಿಗೈಯಲ್ಲಿ ಕೂರುವುದಿಲ್ಲ. ಹೈದರಾಬಾದು, ಬೆಂಗಳೂರುಗಳಲ್ಲಿ ತಂತ್ರಾಂಶದ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಗಳಲ್ಲಿ ನಮ್ಮ ಕೋರಿಕೆ ಒಂದೇ: ನೀವು ಬರೆಯುವ ತಂತ್ರಾಂಶದಲ್ಲಿ ಮಾತುಗಳಿಗೆ ಪ್ರತ್ಯೇಕ ಸ್ಥಳವಿಡಿರಿ. ಅಲ್ಲಿ ಕನ್ನಡವನ್ನು ತುಂಬುವ ಕೆಲಸಕ್ಕೆ ಈ ಶಾಲೆಯ ಮಕ್ಕಳೂ ಶಿಕ್ಷಕರೂ ಸಿದ್ಧರಿದ್ದೇವೆ.