ಲಚ್ಛಿ ದಾರ ಎಲ್ಲಿ ಸಿಗುತ್ತದೆ?

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ನಿವೃತ್ತ ಹೊಲಿಗೆ ಶಿಕ್ಷಕಿಯವರು ಮಾಡಿದ ಭಾಷಣದ ಬರಹರೂಪ)



‘ಹವ್ಯಾಸಗಳ ಮಹತ್ವ’ ಎಂಬ ವಿಷಯದ ಮೇಲೆ ಮಾತಾಡಿರಿ ಎಂದು ಸಮಿತಿಯವರು ಚೀಟಿ ಕಳಿಸಿದ್ದರು. ಮಹತ್ವದ ಮಾತು ನಿನ್ನೆಯಿಂದ ಬಹಳ ಆಗಿದೆ. ನಾನು ಅದರೊಳಗಿನ ಒಂದು ಸಣ್ಣ ಪ್ರಶ್ನೆಯನ್ನಷ್ಟೇ ಹಿಡಿದುಕೊಂಡು ಬಂದಿದ್ದೇನೆ. ಹವ್ಯಾಸ ಮಾಡಬೇಕು ಸರಿ, ಅದಕ್ಕೆ ಬೇಕಾದ ಸಾಮಾನು ಎಲ್ಲಿ ಸಿಗುತ್ತದೆ? ಲಚ್ಛಿ ದಾರ, ಮ್ಯಾಟಿ ಬಟ್ಟೆ, ಕ್ರೋಷಾ ಸೂಜಿ, ಮಣಿ, ಟಿಕಳಿ, ಉಲ್ಲನ್, ಕಸೂತಿಯ ರಿಂಗು. ಈ ಹೆಸರುಗಳನ್ನು ಕೇಳಿ ಹಿಂದೆ ಕೂತ ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದೀರಿ. ನೀವೆಲ್ಲ ನನ್ನ ಕೈಲಿ ಬಿಚ್ಚಿಸಿಕೊಂಡು ಮತ್ತೆ ಹಾಕಿದವರೇ.

ನಮ್ಮೂರಿನಿಂದ ಹುಮನಾಬಾದ್ ಬಜಾರಕ್ಕೂ ಬಸವಕಲ್ಯಾಣಕ್ಕೂ ಹೆಚ್ಚುಕಡಿಮೆ ಒಂದೇ ದೂರ. ಆಗ ಎರಡೂ ಕಡೆ ಇಂಥ ಸಾಮಾನಿನ ಅಂಗಡಿಗಳಿದ್ದವು. ಬೋರ್ಡಿನ ಮೇಲೆ ‘ಜನರಲ್ ಸ್ಟೋರ್’ ಎಂದೋ ‘ಮ್ಯಾಚಿಂಗ್ ಸೆಂಟರ್’ ಎಂದೋ ಇರುತ್ತಿತ್ತು. ಒಳಗೆ ಗೋಡೆಯುದ್ದಕ್ಕೂ ಗಾಜಿನ ಮುಚ್ಚಳದ ಸಣ್ಣ ಸಣ್ಣ ಖಾನೆ, ಖಾನೆಗೊಂದು ಬಣ್ಣ. ಹಸಿರೇ ಒಂಬತ್ತೋ ಹತ್ತೋ ತರಹದ್ದು. ಗಿಣಿ ಹಸಿರು ಬೇರೆ, ಎಳೆ ಬೇವಿನ ಹಸಿರು ಬೇರೆ, ಕಡಲೆ ಗಿಡದ ಹಸಿರು ಬೇರೆ. ನೀವು ಅರ್ಧ ಹಾಕಿದ ಹೂವನ್ನು ತೆಗೆದುಕೊಂಡು ಹೋಗಿ ಕೌಂಟರಿನ ಮೇಲೆ ಹರವಿದರೆ ಸಾವುಕಾರರು ಅದನ್ನು ಬಾಗಿಲಿನ ಬಿಸಿಲಿಗೆ ಒಯ್ದು ನೋಡಿ, “ಇದಕ್ಕ ಆ ಗುಲಾಬಿ ಹೊಂದಂಗಿಲ್ರಿ ಅಕ್ಕೋರೆ, ಇದನ್ನ ಒಯ್ರಿ, ಬ್ಯಾಡಾದ್ರ ತಿರುಗಿ ತರ್ರಿ” ಎನ್ನುತ್ತಿದ್ದರು. ಎಂಟು ಮೀಟರಿನ ಒಂದೇ ಒಂದು ಲಚ್ಛಿ ಕೇಳಿದರೂ ಮುಖ ಸಿಂಡರಿಸಲಿಲ್ಲ. ಹೊಲಿಗೆಗೆ ಎಷ್ಟು ಎಳೆ ಹಿಡಿಯಬೇಕೆಂದು ನಾನು ಕ್ಲಾಸಿನಲ್ಲಿ ಹೇಳುವ ಮೊದಲೇ ಆ ಅಂಗಡಿಯಲ್ಲಿ ಮಕ್ಕಳು ಕಲಿತು ಬಂದಿರುತ್ತಿದ್ದರು: ಲಚ್ಛಿಯಲ್ಲಿ ಆರು ಎಳೆ, ಎಲೆಗೆ ಎರಡು, ದಂಟಿಗೆ ಮೂರು, ಉಳಿದದ್ದು ಸುತ್ತಿ ಇಡು ಅಂತ.

ಆ ಅಂಗಡಿಗಳು ಯಾಕೆ ಹೋದವು? ಎಲ್ಲರೂ ಮೊಬೈಲಿನ ಮೇಲೆ ಹಾಕುತ್ತಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಮೊಬೈಲಿನಲ್ಲಿ ದಾರ ಮಾರುವುದು ಶುರುವಾಗುವ ಮೊದಲೇ ಆ ಖಾನೆಗಳಲ್ಲಿ ಧೂಳು ಕೂತಿತ್ತು. ಲೆಕ್ಕ ಸರಳ ಇದೆ. ಇನ್ನೂರು ಬಣ್ಣ ಇಡಬೇಕು, ಪ್ರತಿ ಬಣ್ಣವನ್ನೂ ಡಬ್ಬಿಗಟ್ಟಲೆ ಕೊಳ್ಳಬೇಕು. ಬಿಳಿ, ಕಪ್ಪು, ಕೆಂಪು ಹೋಗುತ್ತವೆ. ಉಳಿದವು ವರ್ಷಕ್ಕೆ ಎರಡು ಲಚ್ಛಿ ಹೋದರೆ ದೊಡ್ಡದು. ಆ ಎರಡು ಲಚ್ಛಿಗಾಗಿಯೇ ಗಿರಾಕಿ ಆ ಅಂಗಡಿಗೆ ಬರುವುದು ಎಂಬುದೂ ಅಷ್ಟೇ ಖರೆ. ದುಡ್ಡು ಖಾನೆಯಲ್ಲಿ ಮಲಗಿರುತ್ತದೆ, ಬಾಡಿಗೆ ಮಾತ್ರ ಏರುತ್ತಿರುತ್ತದೆ. ಉಲ್ಲನ್ ಸ್ವೆಟರನ್ನು ಸಿದ್ಧ ಕೊಳ್ಳುವವರಾದರು, ದಿಂಬಿನ ಚೀಲಕ್ಕೆ ಕಸೂತಿ ಹಾಕುವವರು ಕಡಿಮೆಯಾದರು, ಬಾಗಿಲಿಗೆ ಮಣಿ ತೋರಣ ಕಟ್ಟುವ ಬದಲು ಪ್ಲಾಸ್ಟಿಕ್ ತೋರಣ ಬಂತು. ಸಾವುಕಾರರ ಮಕ್ಕಳು ಓದಿ ಹೈದರಾಬಾದ್, ಪುಣೆ ಸೇರಿದರು. ಅವರನ್ನು ಓದಿಸಿದವರು ನಾವೇ, ಅದಕ್ಕಾಗಿ ದೂರಲು ಬರುವುದಿಲ್ಲ! ಈಗ ಅಲ್ಲಿ ಫಾಲ್ಸ್, ಅಸ್ತರ, ಬ್ಲೌಸ್ ಪೀಸು, ಲೇಸು ಸಿಗುತ್ತವೆ. ಟೇಲರಿಗೆ ಬೇಕಾದದ್ದು ಉಳಿದಿದೆ. ಹವ್ಯಾಸಕ್ಕೆ ಬೇಕಾದದ್ದು ಹೋಗಿದೆ.

ಇನ್ನೊಂದು ಕಾರಣ ಹಳೆಯದು. ನಮ್ಮ ಭಾಗದ ಬಜಾರಿನ ಬೇರು ಹೊರಗೇ ಇತ್ತು. 1956ರವರೆಗೆ ನಾವು ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆ. ರಾಜ್ಯ ಪುನರ್ವಿಂಗಡಣೆಯಲ್ಲಿ ಜಿಲ್ಲೆ ಮೂರು ಪಾಲಾಯಿತು: ಉದಗೀರ, ನಿಲಂಗಾ ಕಡೆಯದು ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ, ನಾವು ಮೈಸೂರಿಗೆ. ಗಡಿ ಬದಲಾದರೂ ಗಂಟುಮೂಟೆಯ ದಾರಿ ಬದಲಾಗಲಿಲ್ಲ. ದಾರ, ಮಣಿ, ಗೋಟಾ, ಕಿನಾರಿ ಹೈದರಾಬಾದಿನ ಬೇಗಂ ಬಜಾರಿನಿಂದ ಬರುತ್ತಿದ್ದವು, ನೂಲು, ಚಾದರ ಸೊಲ್ಲಾಪುರದಿಂದ. ನಮ್ಮ ಅಂಗಡಿಯವರು ತಿಂಗಳಿಗೊಮ್ಮೆ ಹೋಗಿ ಮೂಟೆ ಕಟ್ಟಿಸಿಕೊಂಡು ಬರುತ್ತಿದ್ದರು. ಅವರು ಹೋಗುವುದು ನಿಂತ ಮೇಲೆ ಆ ದಾರಿ ನಮ್ಮ ತಲೆಯ ಮೇಲೆ ಬಂತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಉಚಿತ. ಬೀದರಿಗೆ ಹೋಗಬಹುದು, ಕಲಬುರಗಿಗೆ ಹೋಗಬಹುದು, ಬೆಂಗಳೂರಿಗೂ ಹೋಗಬಹುದು. ಆದರೆ ಅದು ರಾಜ್ಯದೊಳಗಿನ ಪ್ರಯಾಣಕ್ಕೆ. ನಮ್ಮ ದಾರ ಇರುವುದು ಗಡಿಯಾಚೆ! ಮೂವತ್ತು ರೂಪಾಯಿಯ ದಾರಕ್ಕೆ ನೂರಾರು ರೂಪಾಯಿ ಟಿಕೆಟ್ ತೆಗೆದು ಯಾರು ಹೋಗುತ್ತಾರೆ?

ಹಾಗಾದರೆ ಮೊಬೈಲಿನಲ್ಲಿ ತರಿಸಿರಿ ಎನ್ನುತ್ತೀರಿ. ನಾನೂ ತರಿಸುತ್ತೇನೆ, ಅದರಿಂದ ಉಪಕಾರವೂ ಆಗಿದೆ. ಮೊದಲು ಇಲ್ಲಿ ಕಣ್ಣಿಗೇ ಬೀಳದ ಸಾಮಾನು ಈಗ ಮನೆ ಬಾಗಿಲಿಗೆ ಬರುತ್ತದೆ. ಆದರೆ ಪರದೆಯ ಮೇಲಿನ ಬಣ್ಣ ನಂಬಬೇಡಿರಿ. ನಿಮ್ಮ ಫೋನಿನಲ್ಲಿ ಒಂದು, ಸೊಸೆಯ ಫೋನಿನಲ್ಲಿ ಇನ್ನೊಂದು ಕಾಣಿಸುತ್ತದೆ. ಆಂಕರ್ ಲಚ್ಛಿಯ ಕಾಗದದ ಪಟ್ಟಿಯ ಮೇಲೆ ಬಣ್ಣದ ನಂಬರ್ ಇರುತ್ತದೆ. ನಾವು ಆ ಪಟ್ಟಿಯನ್ನು ಮೊದಲು ಹರಿದು ಒಗೆಯುತ್ತೇವೆ. ಅದನ್ನು ನೋಟಬುಕ್ಕಿಗೆ ಅಂಟಿಸಿ, ಪಕ್ಕದಲ್ಲಿ ಒಂದು ಎಳೆ ದಾರ ಹಚ್ಚಿ ಇಡಿರಿ. ಮತ್ತೆ ಬೇಕಾದಾಗ ಹೆಸರಿನಿಂದ ಕೇಳಬೇಡಿರಿ, ನಂಬರಿನಿಂದ ಕೇಳಿರಿ. ಉಲ್ಲನ್ ಆದರೆ ಬಣ್ಣದ ನಂಬರ್ ಸಾಲದು, ಲಾಟ್ ನಂಬರ್ ಸಹ ಒಂದೇ ಇರಬೇಕು. ಇಲ್ಲವಾದರೆ ಸ್ವೆಟರಿನ ಬೆನ್ನು ಒಂದು ಬಣ್ಣ, ತೋಳು ಒಂದು ಬಣ್ಣ ಆಗುತ್ತದೆ. ಸೂಜಿಯ ವಿಷಯ ಇನ್ನೂ ಗೊಂದಲದ್ದು. ಮೆಷಿನ್ ಸೂಜಿಯ ನಂಬರ್ ಏರಿದಂತೆ ಸೂಜಿ ದಪ್ಪ. 14ಕ್ಕಿಂತ 18 ದಪ್ಪ. ಕೈಸೂಜಿಯಲ್ಲಿ ಉಲ್ಟಾ, ನಂಬರ್ ಏರಿದಂತೆ ತೆಳ್ಳಗೆ. ದಾರದ ಕ್ರೋಷಾಕ್ಕೆ ಬಳಸುವ ಸ್ಟೀಲ್ ಸೂಜಿಯೂ ಹಾಗೆಯೇ. ಮನೆಯ ಮೆಷಿನ್ ಸೂಜಿಯ ಬುಡ ಒಂದು ಬದಿ ಚಪ್ಪಟೆ ಇರುತ್ತದೆ, ಫ್ಯಾಕ್ಟರಿ ಮೆಷಿನ್ನಿನದು ಪೂರ್ತಿ ದುಂಡು. ಚಿತ್ರದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಸಾವುಕಾರರು ನಿಮ್ಮನ್ನು ಕೇಳುತ್ತಿದ್ದರು, “ಯಾವ ಮಿಷಿನ್ರಿ?” ಅಂತ. ಫೋನು ಕೇಳುವುದಿಲ್ಲ.

ಕೆಲವು ಸಾಮಾನು ಮಾತ್ರ ಯಾವ ಕೊರಿಯರಿನಲ್ಲೂ ಬರುವುದಿಲ್ಲ. ನಮ್ಮ ಜಿಲ್ಲೆಯ ಬಿದರಿ ಕೆಲಸವನ್ನೇ ನೋಡಿರಿ. 2006ರಲ್ಲಿ ಭೌಗೋಳಿಕ ಗುರುತು ಬಂತು, 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೆತ್ತಿ, ಬೆಳ್ಳಿ ತಂತಿ ಕೂಡಿಸುತ್ತಾರೆ. ಕೊನೆಗೆ ಬೀದರ್ ಕೋಟೆಯೊಳಗಿನ ಮಣ್ಣಿಗೆ ನವಸಾಗರ ಬೆರೆಸಿ ಕಾದ ಪಾತ್ರೆಗೆ ತಿಕ್ಕುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಸತು, ತಾಮ್ರ, ಬೆಳ್ಳಿ ದುಡ್ಡು ಕೊಟ್ಟರೆ ಎಲ್ಲಿಂದಲಾದರೂ ಬರುತ್ತವೆ. ಯಾವ ಜಾಗದ ಮಣ್ಣು ಸರಿ ಎಂದು ಗೊತ್ತಿರುವುದು ಕುಶಲಕರ್ಮಿಯ ಕೈಗೆ. ಕಲಿಯುವ ಹುಡುಗ ಆ ಮಣ್ಣನ್ನು ಅವರ ಪಕ್ಕ ಕೂತೇ ಗುರುತಿಸಲು ಕಲಿಯಬೇಕು.

ನಮ್ಮ ಸುತ್ತಿನ ತಾಂಡಾಗಳದ್ದು ಬೇರೆ ಕಥೆ. ಲಂಬಾಣಿ ತಾಯಂದಿರ ಕಾಂಚಳಿ, ಫೇಟಿಯಾದ ಮೇಲಿನ ಕನ್ನಡಿ, ಕವಡೆ, ಮಣಿ, ನಾಣ್ಯ ನೋಡುತ್ತ ನಾವೆಲ್ಲ ಬೆಳೆದವರು. ಆ ಹಳೆಯ ಕನ್ನಡಿ ಚೂರು ಊದಿದ ತೆಳು ಗಾಜಿನದು. ಗುಜರಾತಿನ ಕಪಡ್‌ವಂಜ್ ಎಂಬ ಊರು ಅದಕ್ಕೆ ಹೆಸರಾದದ್ದು. ಹಗುರ ಇರುತ್ತದೆ, ದಾರದ ಕಟ್ಟಿನೊಳಗೆ ಸರಿಯಾಗಿ ಕೂಡುತ್ತದೆ. ಈಗ ಬಜಾರಿನಲ್ಲಿ ಸಿಗುವುದು ಹೆಚ್ಚಾಗಿ ಪ್ಲಾಸ್ಟಿಕ್ಕು, ನಾಲ್ಕು ಸಲ ಒಗೆದರೆ ಹೊಳಪು ಹೋಗುತ್ತದೆ. ನನ್ನ ಕೊನೆಯ ವರ್ಷಗಳಲ್ಲಿ ಒಂಬತ್ತನೆಯ ತರಗತಿಯಲ್ಲಿ ಒಬ್ಬ ತಾಂಡಾದ ಹುಡುಗಿ ಇದ್ದಳು. ಅಜ್ಜಿಯಿಂದ ಕಲಿತ ಹೊಲಿಗೆಯಲ್ಲಿ ಕೈಚೀಲ ಹಾಕಲು ಶುರು ಮಾಡಿದಳು. ಹದಿನಾಲ್ಕು ಕನ್ನಡಿ ಬೇಕಿತ್ತು, ಅಜ್ಜಿಯ ಹಳೆಯ ಬಟ್ಟೆಯಿಂದ ಬಿಚ್ಚಿದ್ದು ಒಂಬತ್ತು. ಉಳಿದ ಐದು ಹುಮನಾಬಾದಿನಲ್ಲೂ ಸಿಗಲಿಲ್ಲ, ಕಲ್ಯಾಣದಲ್ಲೂ ಸಿಗಲಿಲ್ಲ. ಫೋನಿನಲ್ಲಿ ನೋಡಿದರೆ ಐನೂರರ ಕಟ್ಟು ಮಾತ್ರ. ಚೀಲ ಹಾಗೇ ನಿಂತಿತು, ಆಮೇಲೆ ಪರೀಕ್ಷೆ ಬಂತು. ಇದೇ ಹೊಲಿಗೆಯನ್ನು ಸಂಡೂರಿನ ತಾಯಂದಿರು 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ಹೊತ್ತಿಗೆ 1,755 ವಸ್ತುಗಳಾಗಿ ಹರವಿ ಗಿನ್ನೆಸ್ ದಾಖಲೆ ಮಾಡಿದರು. ಅವರ ಬೆನ್ನಿಗೆ ಸಂಡೂರು ಕುಶಲ ಕಲಾ ಕೇಂದ್ರ ಇದೆ. ಒಬ್ಬೊಬ್ಬರೇ ಸಾಮಾನು ಹುಡುಕುತ್ತ ಅಲೆಯಬೇಕಾಗಿಲ್ಲ. ನಮ್ಮ ಹುಡುಗಿಗೆ ಬೇಕಾಗಿದ್ದದ್ದು ಐದು ಕನ್ನಡಿ.

“ಹಿಂದಿನವರಿಗೆ ಯಾವ ಅಂಗಡಿ ಇತ್ತು?” ಎಂದು ಹಿರಿಯರೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ನಾವು ಕಲ್ಯಾಣದ ನೆಲದವರು. ಸೂಜಿಯನ್ನೇ ಕಾಯಕ ಮಾಡಿಕೊಂಡ ರಾಮಿತಂದೆ, ಬಿದಿರಿನ ಮೇದಾರ ಕೇತಯ್ಯ, ಹಗ್ಗ ಹೊಸೆದ ನುಲಿಯ ಚಂದಯ್ಯ, ಇವರ ಹೆಸರು ಹೇಳಿಕೊಂಡೇ ಬೆಳೆದಿದ್ದೇವೆ. ಚಂದಯ್ಯನವರು ಕೆರೆಗಿಳಿದು ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಜಾರಿ ನೀರಿಗೆ ಬಿದ್ದರೂ ಕೊಯ್ಯುವುದನ್ನು ನಿಲ್ಲಿಸಲಿಲ್ಲ ಎಂಬ ಕಥೆ ನಿಮಗೆಲ್ಲ ಗೊತ್ತು. ಕಥೆಯನ್ನು ಭಕ್ತಿಗಾಗಿ ಹೇಳುತ್ತಾರೆ. ಹೊಲಿಗೆಯವಳಾದ ನನಗೆ ಅದರಲ್ಲಿ ಇನ್ನೊಂದು ಕಾಣುತ್ತದೆ: ಹಗ್ಗದ ಸಾಮಾನು ಕೆರೆಯಲ್ಲಿತ್ತು, ಚಂದಯ್ಯ ತಾವೇ ಇಳಿದು ಕೊಯ್ದು ತರುತ್ತಿದ್ದರು.

ಅಂಗಡಿಯೇ ಬೇಡದ ನಮ್ಮ ಮನೆಯ ಕೆಲಸವೆಂದರೆ ಕೌದಿ. ಹಳೆಯ ಸೀರೆ, ಧೋತರ ಒಂದರ ಮೇಲೊಂದು ಹಾಸಿ, ಮೇಲೆ ತುಂಡು ಕೂಡಿಸಿ, ಅಂಚಿನಿಂದ ನಡುವಿಗೆ ಸಾಲು ಹೊಲಿಗೆ ಹಾಕುತ್ತ ಬರುವುದು. ಸಾಮಾನೆಲ್ಲ ಟ್ರಂಕಿನಲ್ಲೇ ಇರುತ್ತಿತ್ತು. ಈಗ ಅದಕ್ಕೂ ಕುತ್ತು ಬಂದಿದೆ. ಟ್ರಂಕಿನಲ್ಲಿರುವ ಸೀರೆಗಳು ಪಾಲಿಸ್ಟರ್. ಜಾರುತ್ತವೆ, ಪದರ ಕೂಡುವುದಿಲ್ಲ, ಬೆವರು ಹೀರುವುದಿಲ್ಲ. ಹೊದ್ದ ಕೂಸು ರಾತ್ರಿಯೆಲ್ಲ ಒದ್ದಾಡುತ್ತದೆ. ಹಾಗಾಗಿ ಹತ್ತಿಯ ಹಳೆ ಸೀರೆ ಇದ್ದವರು ಸ್ಟೀಲ್ ಪಾತ್ರೆಯವಳಿಗೆ ಕೊಡಬೇಡಿರಿ ಎಂದು ಕೈಮುಗಿದು ಕೇಳುತ್ತೇನೆ. ಒಂದು ಬೋಗುಣಿಗೆ ಆರು ಸೀರೆ ಹೋಗುತ್ತವೆ, ಆರು ಸೀರೆಗೆ ಒಂದು ಕೌದಿ ಆಗುತ್ತದೆ.

ಈಗ ನಾನು ಈ ವೇದಿಕೆಗೆ ಬಂದ ಕೆಲಸ. ಮಹೋತ್ಸವದ ದೇಣಿಗೆಯಲ್ಲಿ ಉಳಿಯುವ ಹಣದಿಂದ ಶಾಲೆಯ ಗೇಟಿಗೆ ಕಮಾನು ಕಟ್ಟಿಸಬೇಕೆಂದು ಮಾತು ನಡೆದಿದೆ. ಕಮಾನು ಆಗಲಿ, ನನ್ನ ವಿರೋಧವಿಲ್ಲ. ಅದರ ಒಂದು ಕಂಬದ ಖರ್ಚಿಗಿಂತಲೂ ಕಡಿಮೆಯಲ್ಲಿ ಆಗುವ ಇನ್ನೊಂದು ಕೆಲಸ ಇದೆ. ಹಳೆಯ ಹೊಲಿಗೆ ಕೋಣೆಯಲ್ಲಿ ಒಂದು ಕಪಾಟು ಇಡೋಣ. ನೂರಿಪ್ಪತ್ತು ಬಣ್ಣದ ಲಚ್ಛಿ, ಆ ಐನೂರು ಕನ್ನಡಿಯ ಕಟ್ಟು, ಎಲ್ಲ ನಂಬರಿನ ಸೂಜಿ, ಹತ್ತು ರಿಂಗು, ಎರಡು ಥಾನು ಮ್ಯಾಟಿ ಬಟ್ಟೆ ಒಮ್ಮೆ ಒಟ್ಟಿಗೆ ತರಿಸಿದರೆ ಸಗಟು ದರ ಬೀಳುತ್ತದೆ. ಹೈದರಾಬಾದಿನಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಹಬ್ಬಕ್ಕೆ ಬರುವಾಗ ಚೀಲದಲ್ಲಿ ಹಾಕಿಕೊಂಡು ಬಂದರೆ ಸಾಗಣೆಯೂ ಉಳಿಯುತ್ತದೆ. ಇಬ್ಬರು ನಿನ್ನೆಯೇ ಒಪ್ಪಿದ್ದಾರೆ, ಹೆಸರು ಹೇಳಬೇಡಿರಿ ಎಂದಿದ್ದಾರೆ. ಟೇಲರ್ ಅಣ್ಣಂದಿರು ಚಿಂದಿಯನ್ನು ಒಲೆಗೆ ಹಾಕದೆ ಶನಿವಾರ ಒಂದು ಗೋಣಿಚೀಲದಲ್ಲಿ ಕಳಿಸಲಿ.

ಸಾಮಾನು ಪುಕ್ಕಟೆ ಕೊಡುವುದು ಬೇಡ. ಪುಕ್ಕಟೆಯಾದರೆ ಒಂದು ವರ್ಷದಲ್ಲಿ ಕಪಾಟು ಖಾಲಿ, ಎರಡನೆಯ ವರ್ಷ ಅದರಲ್ಲಿ ಚುನಾವಣೆಯ ಕಾಗದ. ಕೊಂಡ ದರಕ್ಕೆ ಒಂದೇ ಲಚ್ಛಿ, ಒಂದೇ ಕನ್ನಡಿ ಬೇಕೆಂದರೂ ಕೊಡಬೇಕು. ಬಂದ ದುಡ್ಡಿನಲ್ಲಿ ಮುಗಿದ ಬಣ್ಣ ಮತ್ತೆ ತರಿಸಬೇಕು. ಊರಿನ ಹೆಣ್ಣುಮಕ್ಕಳೂ ಕೊಳ್ಳಬಹುದು. ಗಂಡುಹುಡುಗರೂ ಬರಲಿ. ರಾಮಿತಂದೆ ಗಂಡಸೇ ಆಗಿದ್ದರು.

ಲೆಕ್ಕದ ಪುಸ್ತಕ ಮತ್ತು ಬಣ್ಣದ ನಂಬರಿನ ಪುಸ್ತಕ ನಾನು ಬರೆಯುತ್ತೇನೆ. ಬುಧವಾರ, ಶನಿವಾರ ಮಧ್ಯಾಹ್ನ ಮೂರಕ್ಕೆ ಕೋಣೆಯಲ್ಲಿ ಕೂಡುತ್ತೇನೆ. ಬೀಗದ ಕೈ ಮುಖ್ಯಗುರುಗಳ ಹತ್ತಿರ ಒಂದು, ನನ್ನ ಹತ್ತಿರ ಒಂದು ಇರಲಿ. ಕಪಾಟು ಕೊಳ್ಳುವುದು ಬೇಡ, ನಮ್ಮ ಮನೆಯಲ್ಲಿ ಒಂದು ಖಾಲಿ ನಿಂತಿದೆ, ಸ್ವಲ್ಪ ಬಾಗಿಲು ಸಡಿಲ ಇದೆ ಅಷ್ಟೇ. ಟ್ರ್ಯಾಕ್ಟರ್ ಇದ್ದವರು ಯಾರಾದರೂ ಸೋಮವಾರ ಬೆಳಿಗ್ಗೆ ಬಂದರೆ ಹೊರಿಸಿ ಕಳಿಸುತ್ತೇನೆ.